ಶೋರೂಮಿನವರ ಬಾಯಿಮಾತಿಗೆ ಬೆಲೆ ಇಲ್ಲವೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟ, ಜೊತೆಗೆ ಮನೆಯಲ್ಲೇ ಎರಡು ರೂಮಿನ ಹೋಂಸ್ಟೇ ಇದೆ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಶೋರೂಮಿನಲ್ಲಿ ಕಾರನ್ನು ಲೀಸಿಗೆ ತೆಗೆದುಕೊಂಡೆ. 48 ತಿಂಗಳ ಲೀಸು, ತಿಂಗಳಿಗೆ 21,500 ರೂಪಾಯಿ. ಲೀಸ್ ಕಂಪನಿ ಮುಂಬೈಯದು. ಕಾಗದಪತ್ರ ಎಲ್ಲ ಶೋರೂಮಿನವರೇ ಮಾಡಿಸಿಕೊಟ್ಟರು. "ಎರಡು ವರ್ಷ ಆದಮೇಲೆ ಯಾವಾಗ ಬೇಕಾದ್ರೂ ಗಾಡಿ ವಾಪಸ್ ಕೊಡಿ ಸರ್. ನಮ್ಮಲ್ಲೇ ಬೇರೆ ಗಾಡಿ ತಗೊಂಡ್ರೆ ಉಳಿದದ್ದು ನಾವು ನೋಡ್ಕೋತೀವಿ, ನಿಮಗೆ ಒಂದು ರೂಪಾಯಿ ಖರ್ಚಿಲ್ಲ" ಎಂದು ಸೇಲ್ಸ್ ಹುಡುಗ ಹೇಳಿದ್ದ. ವಾಟ್ಸಾಪಿನಲ್ಲೂ ಹಾಗೇ ಬರೆದಿದ್ದ. ಮಳೆಗಾಲದಲ್ಲಿ ನಮ್ಮ ಮನೆ ದಾರಿಯಲ್ಲಿ ಈ ಗಾಡಿಯ ತಳ ತಾಗುತ್ತದೆ. ಎತ್ತರದ ಗಾಡಿ ಬೇಕು ಎಂದು ಈಗ ಹೋದರೆ ಆ ಹುಡುಗ ಕೆಲಸ ಬಿಟ್ಟಿದ್ದಾನೆ. "ಅಗ್ರಿಮೆಂಟಿನಲ್ಲಿ ಇಲ್ಲದ್ದಕ್ಕೆ ನಾವು ಜವಾಬ್ದಾರರಲ್ಲ" ಎನ್ನುತ್ತಾರೆ ಮ್ಯಾನೇಜರ್. ಲೀಸ್ ಕಂಪನಿ ಅವಧಿಗೆ ಮೊದಲೇ ಮುಗಿಸಲು 1.38 ಲಕ್ಷ ಕೇಳುತ್ತಿದೆ. ಕಂತು ನಿಲ್ಲಿಸಿ, ಗಾಡಿಯನ್ನು ಶೋರೂಮಿನ ಎದುರು ಬಿಟ್ಟು ಬರಲೇ? ಕೇಸು ಹಾಕಲು ಮುಂಬೈಗೇ ಹೋಗಬೇಕೇ ಮೇಡಂ?
— ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ಕಂತು ನಿಲ್ಲಿಸಬೇಡಿ. ಗಾಡಿ ಬಿಟ್ಟು ಬರಬೇಡಿ. ಮುಂಬೈಗೆ ಹೋಗುವುದೂ ಬೇಡ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಗಾಡಿ ಕೊಡುವ ದಿನ ಹಾರ ಹಾಕಿ, ಕೈಗೊಂದು ರಟ್ಟಿನ ದೊಡ್ಡ ಕೀಲಿ ಕೊಟ್ಟು ಫೋಟೋ ತೆಗೆಸಿದವರೇ ಈಗ ಗುರುತು ಹಿಡಿಯುವುದಿಲ್ಲ ಅಲ್ವಾ? ಆದರೆ ಕಂತು ತಪ್ಪಿಸಿದ ಕೂಡಲೇ ತಪ್ಪು ನಿಮ್ಮ ತಲೆಗೆ ಬರುತ್ತದೆ. ದಂಡ ಬೀಳುತ್ತದೆ, ಸಿಬಿಲ್ ಸ್ಕೋರೂ ಕೆಡಬಹುದು. ನಾಳೆ ತೋಟಕ್ಕೆ ಸಾಲ ಕೇಳಲು ಹೋದಾಗ ಶೋರೂಮಿನ ಕಥೆ ಹೇಳಿದರೆ ಬ್ಯಾಂಕಿನವರು ಕೇಳುತ್ತಾರೆಯೇ? ಕಟ್ಟುತ್ತಾ ಇರಿ. "ನನ್ನ ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಎಂದು ಕಂಪನಿಗೆ ಒಂದು ಇ-ಮೇಲ್ ಹಾಕಿಡಿ.

ಈಗ ಮುಖ್ಯ ವಿಷಯ. ನಿಮ್ಮ ಜಗಳ ಎರಡು ಕಡೆ ಇದೆ, ನೀವು ಎರಡನ್ನೂ ಒಂದೇ ಮಾಡಿಕೊಂಡಿದ್ದೀರಿ. ಅಗ್ರಿಮೆಂಟಿಗೆ ಸಹಿ ಹಾಕಿದ್ದು ನೀವು ಮತ್ತು ಲೀಸ್ ಕಂಪನಿ. ಬರೆದ ಕರಾರಿಗೆ ವಿರುದ್ಧವಾದ ಬಾಯಿಮಾತು ನಡೆಯುವುದಿಲ್ಲ ಎಂಬ ನಿಯಮ ಇರುವುದು ನಿಜ. ಆದರೆ ಅದು ಆ ಕರಾರಿನ ಎರಡು ಪಕ್ಷಗಳ ನಡುವಿನ ಮಾತು. ಶೋರೂಮಿನವರು ಅದರಲ್ಲಿ ಪಕ್ಷವೇ ಅಲ್ಲದಿದ್ದರೆ, ಅದೇ ಅಗ್ರಿಮೆಂಟನ್ನು ಛತ್ರಿ ಹಾಗೆ ಬಿಚ್ಚಿ ಅಡಿಯಲ್ಲಿ ನಿಲ್ಲುವುದು ಹೇಗೆ? ಮಾತು ಕೊಟ್ಟದ್ದು ಅವರು. ಆ ಮಾತು ನಂಬಿ ನೀವು ಸಹಿ ಹಾಕಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಭರವಸೆ ಕೊಟ್ಟು ವ್ಯಾಪಾರ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ. ಬರೆದು ಹೇಳಿದರೂ ಅಷ್ಟೇ, ಬಾಯಲ್ಲಿ ಹೇಳಿದರೂ ಅಷ್ಟೇ, ಮೊಬೈಲಿನಲ್ಲಿ ಕಳಿಸಿದರೂ ಅಷ್ಟೇ. ಹುಡುಗ ಕೆಲಸ ಬಿಟ್ಟ ಎನ್ನುವುದೂ ಉತ್ತರ ಅಲ್ಲ. ಅವನು ಮಾತಾಡಿದ್ದು ಅವರ ಕೌಂಟರಿನಲ್ಲಿ ಕೂತು, ಅವರ ಗಾಡಿ ಮಾರಲು.

ಹಾಗಾಗಿ ಆ ವಾಟ್ಸಾಪ್ ಮೆಸೇಜೇ ನಿಮ್ಮ ಆಸ್ತಿ. ಸುಮ್ನೆ ಒಂದು ಸ್ಕ್ರೀನ್‌ಶಾಟ್ ತೆಗೆದು ನಿಶ್ಚಿಂತೆಯಿಂದ ಇರಬೇಡಿ. ಆ ಚಾಟಿನಲ್ಲಿ ಮೆಸೇಜು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದೆಯೇ ನೋಡಿ, ಇದ್ದರೆ ಇವತ್ತೇ ತೆಗೆಯಿರಿ. ಮೊದಲ ನಮಸ್ಕಾರದಿಂದ ಕೊನೆಯವರೆಗೆ ಪೂರ್ತಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇ-ಮೇಲಿಗೇ ಕಳಿಸಿಕೊಳ್ಳಿ. ನಂಬರು, ತಾರೀಕು, ಸಮಯ ಕಾಣಬೇಕು. ಅವನು ಶೋರೂಮಿನ ಕೊಟೇಶನ್ನನ್ನೂ ಅದೇ ನಂಬರಿನಿಂದ ಕಳಿಸಿದ್ದರೆ ಇನ್ನೂ ಒಳ್ಳೆಯದು, ಅವನು ಶೋರೂಮಿನ ಮನುಷ್ಯ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಿಂಟಿನ ಜೊತೆ ಒಂದು ಪ್ರಮಾಣಪತ್ರ ಕೊಡುವ ಕ್ರಮ ಇದೆ, ಆಗ ಮೂಲ ಫೋನು ಕೈಯಲ್ಲಿದ್ದರೆ ಸುಲಭ. ಸಹಿ ಹಾಕುವಾಗ ಜೊತೆಗೆ ಯಾರಾದರೂ ಇದ್ದರೇ? ಇದ್ದರೆ ಅವರಿಂದ ಒಂದು ಅಫಿಡವಿಟ್ ಮಾಡಿಸಬಹುದು.

ಲೀಸ್ ಕಂಪನಿಯಿಂದ 1.38 ಲಕ್ಷದ ಲೆಕ್ಕವನ್ನು ಬಿಡಿಸಿ ಕೊಡಲು ಕೇಳಿ. ಅಗ್ರಿಮೆಂಟಿನ ಯಾವ ಕಲಂ, ಯಾವ ದರ, ಬಾಕಿ ಕಂತು ಎಷ್ಟು, ದಂಡ ಎಷ್ಟು ಎಂದು. ಎಷ್ಟೋ ಸಲ ಈ ಬಿಡಿ ಲೆಕ್ಕ ಕೇಳಿದಾಗಲೇ ಮೊತ್ತ ಕರಗುತ್ತದೆ.

ಆಮೇಲೆ ಶೋರೂಮಿನ ಮಾಲೀಕರಿಗೆ ನೋಟಿಸ್. ಮ್ಯಾನೇಜರಿಗಲ್ಲ. ಜಿಎಸ್‌ಟಿ ಬಿಲ್ಲಿನ ಮೇಲಿರುವ ಹೆಸರು, ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಂದು ಪ್ರತಿ ಕಾರು ತಯಾರಿಸಿದ ಕಂಪನಿಯ ಗ್ರಾಹಕ ವಿಭಾಗಕ್ಕೂ ಹೋಗಲಿ, ಡೀಲರುಗಳು ಹೆದರುವುದು ಅಲ್ಲಿಗೇ. ಒಂದೇ ಪುಟ ಸಾಕು: ಏನು ಹೇಳಿದಿರಿ, ಯಾವಾಗ ಹೇಳಿದಿರಿ, ಏನು ಮಾಡಬೇಕು, 15 ದಿನದ ಗಡುವು. ನಡುವೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ಬರೆಸಿ. ಖರ್ಚಿಲ್ಲ.

ಅದಕ್ಕೂ ಜಗ್ಗದಿದ್ದರೆ ಕಾರವಾರದ ನಮ್ಮ ಜಿಲ್ಲಾ ಗ್ರಾಹಕರ ಆಯೋಗ ಇದೆ. "ವ್ಯಾಜ್ಯ ಮುಂಬೈಯಲ್ಲಿ ಮಾತ್ರ", "ಮಧ್ಯಸ್ಥಿಕೆಗೇ ಹೋಗಬೇಕು" ಎಂದು ಅಗ್ರಿಮೆಂಟಿನ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಹೆದರಬೇಡಿ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆ ಹೇಳುತ್ತದೆ. ಮಧ್ಯಸ್ಥಿಕೆಯ ಕಲಂ ಇದ್ದ ಮಾತ್ರಕ್ಕೆ ಗ್ರಾಹಕರ ದೂರು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನೀವು ಕಟ್ಟಿದ ಬಾಡಿಗೆ 5 ಲಕ್ಷ ದಾಟಿದೆ, 10 ಲಕ್ಷದ ಒಳಗಿದೆ. ಅದಕ್ಕೆ ಶುಲ್ಕ 200 ರೂಪಾಯಿ. ಆನ್‌ಲೈನಿನಲ್ಲೂ ದಾಖಲಿಸಬಹುದು. ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಹಾಕಬಹುದು, ದೇವಿಮನೆ ಘಟ್ಟ ಇಳಿದು ಪ್ರತಿ ತಾರೀಕಿಗೂ ಬರಬೇಕೆಂದಿಲ್ಲ. ವಕೀಲರು ಕಡ್ಡಾಯ ಅಲ್ಲ (ವಕೀಲಳಾಗಿ ಇದನ್ನು ಬರೆಯುತ್ತಿದ್ದೇನೆ, ನನ್ನ ಸಹೋದ್ಯೋಗಿಗಳು ಕ್ಷಮಿಸಲಿ). ತಕರಾರು ಹುಟ್ಟಿ ಎರಡು ವರ್ಷದೊಳಗೆ ದೂರು ಬೀಳಬೇಕು. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಎಂದು ಕಾಯ್ದೆಯಲ್ಲಿದೆ. ನೀವು ಅದಕ್ಕಿಂತ ಜಾಸ್ತಿ ಸಮಯ ಹಿಡಿದುಕೊಂಡೇ ಹೊರಡಿ.

ಶೋರೂಮು ಮೊದಲ ಎದುರುದಾರ, ಲೀಸ್ ಕಂಪನಿ ಎರಡನೆಯದು. ಇಬ್ಬರನ್ನೂ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಕೇಳುವುದನ್ನು ಮಾತ್ರ ಹದವಾಗಿ ಕೇಳಿ: ಆ 1.38 ಲಕ್ಷವನ್ನು ಶೋರೂಮು ಭರಿಸಲಿ, ಖರ್ಚು ಕೊಡಲಿ, ಸ್ವಲ್ಪ ಪರಿಹಾರ ಕೊಡಲಿ. ಮಾನಸಿಕ ಹಿಂಸೆಗೆ ಹತ್ತು ಲಕ್ಷ ಎಂದು ಬರೆದರೆ ದೂರಿನ ತೂಕವೇ ಕಡಿಮೆಯಾಗುತ್ತದೆ ಮಾರಾಯ್ರೇ.

ಹೋಂಸ್ಟೇ ವಿಷಯ. "ಇವರು ವ್ಯಾಪಾರಕ್ಕೆ ಗಾಡಿ ತಗೊಂಡವರು, ಗ್ರಾಹಕರೇ ಅಲ್ಲ" ಎಂದು ಅವರು ಖಂಡಿತ ವಾದ ಮಾಡುತ್ತಾರೆ. ಮನೆ ಬಳಕೆಯ ಗಾಡಿ ಎಂದು ಸತ್ಯ ಇದ್ದ ಹಾಗೆ ಬರೆಯಿರಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಬಳಸಿದ್ದನ್ನೂ ಕಾಯ್ದೆ ವಾಣಿಜ್ಯ ಉದ್ದೇಶ ಎನ್ನುವುದಿಲ್ಲ. ಆದರೆ ಬಿಳಿ ಬೋರ್ಡಿನ ಗಾಡಿಯಲ್ಲಿ ಅತಿಥಿಗಳನ್ನು ದುಡ್ಡಿಗೆ ಯಾಣ, ಸಹಸ್ರಲಿಂಗ ಎಂದು ಸುತ್ತಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಅದು ಬೇರೆಯೇ ಕೇಸು.

ಗಾಡಿ ವಾಪಸ್ ಕೊಡುವ ದಿನ ಬಂದಾಗ ತೊಳೆದು ಕೊಡಿ. ನಮ್ಮ ಕೆಂಪು ಮಣ್ಣು ಬಾಗಿಲ ಅಡಿಯ ಸಂದಿಯಲ್ಲಿ ಗಟ್ಟಿ ಕೂತು ತುಕ್ಕಿನ ಹಾಗೇ ಕಾಣುತ್ತದೆ. ತಪಾಸಣೆಗೆ ಬಂದವರು ಅದಕ್ಕೂ ಒಂದು ಮೊತ್ತ ಹಾಕಿಬಿಟ್ಟಾರು. ನಾಲ್ಕೂ ಕಡೆ, ತಳ, ಟೈರು, ಮೀಟರಿನ ಕಿ.ಮೀ. ಎಲ್ಲದರ ವಿಡಿಯೋ ಮಾಡಿ. ಗಾಡಿ ತೆಗೆದುಕೊಂಡವರಿಂದ ಸಹಿ, ಸೀಲು, ಸಮಯ ಇರುವ ರಸೀದಿ ಪಡೆದ ಮೇಲೇ ಕೀಲಿ ಕೊಡಿ. ಎರಡನೇ ಕೀಲಿಯನ್ನೂ ರಸೀದಿಯಲ್ಲಿ ಬರೆಸಿ. ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ದರೆ ಅವರು ಓಡಿಸಿದ ಟೋಲು ನಿಮ್ಮ ಖಾತೆಯಿಂದ ಹೋಗುತ್ತದೆ.

ಪ್ರಶ್ನೆ: ಕಾರಿನ ಸಾಲ ಪೂರ್ತಿ ತೀರಿಸಿದೆ. ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿಕೊಡುತ್ತೇವೆ ಎಂದಿದ್ದ ಡೀಲರ್ ಈಗ ಫೋನೇ ಎತ್ತುವುದಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಅವರನ್ನು ಕಾಯಬೇಡಿ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಬ್ಯಾಂಕಿನ ಸಹಿ, ಸೀಲು ಇರುವ ಫಾರಂ 35 ಎರಡು ಪ್ರತಿ ತೆಗೆದುಕೊಳ್ಳಿ. ಎನ್‌ಒಸಿ ಮೇಲೆ ಅವಧಿ ಬರೆದಿದ್ದರೆ ಅದರೊಳಗೆ ಕೊಡಬೇಕು. ನಿಮ್ಮದು ಕೆಎ-47 ಗಾಡಿಯಾದರೆ ಹೊನ್ನಾವರದ ಆರ್‌ಟಿಒ ಕಚೇರಿಯಲ್ಲೇ ಕೆಲಸ ಮುಗಿಯುತ್ತದೆ. ಹೊಸ ಆರ್‌ಸಿ ಬಂದಮೇಲೆ ವಿಮೆ ಕಂಪನಿಗೂ ಅದರ ಪ್ರತಿ ಕಳಿಸಿ, ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ತೆಗೆಸಿ.