ಕಾಡಿನ ಬೆಂಕಿಯ ಹೊಗೆ ಬಿಸಿಲನ್ನು ನಿಜವಾಗಿಯೂ ಹೀರುತ್ತದೆಯೇ?

ಮಾರ್ಚ್ ತಿಂಗಳಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು, ಸಂಜೆ ನಾಲ್ಕಕ್ಕೇ ಸೂರ್ಯ ಕುಂಕುಮದ ಬೊಟ್ಟಿನಂತೆ ಕಂಡ, ಹೊಗೆ ಬಿಸಿಲನ್ನು ಹೀರುವುದಾದರೆ ಆ ಬಿಸಿಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ಈಗ ಅಡಿಕೆ ತೋಟ ನೋಡಿಕೊಂಡಿರುವವನು ನಾನು. ಒಲೆಯ ಹೊಗೆ ಕುಡಿದೇ ಬೆಳೆದವನಾದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತೇನೆ.

ಮೊದಲಿಗೆ ಆ ಕೆಂಪು ಸೂರ್ಯನ ವಿಷಯ. ಅದಕ್ಕೆ ಮುಖ್ಯ ಕಾರಣ ಹೀರುವಿಕೆ ಅಲ್ಲ, ಚದುರುವಿಕೆ. ಹೊಗೆಯ ಕಣಕ್ಕೆ ಸಿಕ್ಕಿದ ಬೆಳಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 80ರಿಂದ 95 ಪಾಲು ದಿಕ್ಕು ತಪ್ಪಿ ಬೇರೆಡೆ ಹೋಗುತ್ತದೆ, ಅಷ್ಟೇ. ಕಣಗಳು ಬಹಳ ಸಣ್ಣವಾದ್ದರಿಂದ ನೀಲಿ ಬೆಳಕು ಹೆಚ್ಚು ಚದುರುತ್ತದೆ, ಕೆಂಪು ನೇರವಾಗಿ ಕಣ್ಣಿಗೆ ಬರುತ್ತದೆ. ಬಚ್ಚಲ ಒಲೆಯ ಹೊಗೆ ಹಂಚಿನ ಸಂದಿಯಿಂದ ಏಳುವಾಗ ಗಮನಿಸಿ: ಹಿಂದೆ ಕಡುಹಸಿರು ಗುಡ್ಡವಿದ್ದರೆ ಅದು ನೀಲಿ, ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಕಂದು.

ಉಳಿದ ಆ ಸಣ್ಣ ಪಾಲೇ ನಿಮ್ಮ ಪ್ರಶ್ನೆಯ ತಿರುಳು. ಅದನ್ನು ಹೀರುವುದು ಮುಖ್ಯವಾಗಿ ಮಸಿ. ಅದರ ಇಂಗಾಲದ ಪದರಗಳಲ್ಲಿ ಎಲೆಕ್ಟ್ರಾನುಗಳು ಸಡಿಲವಾಗಿ ಓಡಾಡಿಕೊಂಡಿರುತ್ತವೆ; ಯಾವ ಬಣ್ಣದ ಬೆಳಕು ಬಂದರೂ ಬೇಡ ಎನ್ನುವುದಿಲ್ಲ. ಹೊಸ ಮಸಿ ಒಂದು ಗ್ರಾಂ ಇದ್ದರೆ ಸಾಕು, ಗಾಳಿಯಲ್ಲಿ ಹರಡಿಕೊಂಡಾಗ ಸುಮಾರು 7.5 ಚದರ ಮೀಟರ್ ವಿಸ್ತಾರದ ಕಪ್ಪು ಪರದೆಯಷ್ಟು ಹಸಿರು ಬೆಳಕನ್ನು ನುಂಗುತ್ತದೆ. ಒಂಬತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲದ ಕೋಣೆಯ ನೆಲ ಎಂದುಕೊಳ್ಳಿ.

ಆದರೆ ಹೊಗೆಯೆಂದರೆ ಮಸಿಯೊಂದೇ ಅಲ್ಲ. ಒಮ್ಮೆ ಮಕ್ಕಳಿಗೆ ತೋರಿಸಲೆಂದು ಎರಡು ಬೆಂಕಿ ಹಾಕಿ, ಎರಡರ ಮೇಲೂ ಬಿಳಿ ಬಟ್ಟೆ ಹಿಡಿದಿದ್ದೆ. ಒಣಗಿದ ಸೋಗೆ ಧಗಧಗನೆ ಉರಿದ ಕಡೆ ಬಟ್ಟೆ ಕಪ್ಪಾಯಿತು. ತೆಂಗಿನ ಸಿಪ್ಪೆ ಉರಿಯದೆ ಹೊಗೆಯಾಡುತ್ತಿದ್ದ ಕಡೆ ಚಹಾದ ಕಲೆಯಂಥ ಕಂದು ಬಣ್ಣ ಹತ್ತಿತು. (ಆ ಎರಡು ತುಂಡು ಬಟ್ಟೆ ನನ್ನ ಹಳೆಯ ಪಂಚೆಯದ್ದು, ಮನೆಯಲ್ಲಿ ಅದಕ್ಕೆ ಬೈಸಿಕೊಂಡದ್ದೂ ನೆನಪಿದೆ.) ಆ ಕಂದು, ಅರೆಬೆಂದ ಕಟ್ಟಿಗೆಯಿಂದ ಹೊರಟ ಸಾವಯವ ಅಣುಗಳದ್ದು. ಇವು ಮಸಿಯ ಹಾಗೆ ಎಲ್ಲವನ್ನೂ ನುಂಗುವುದಿಲ್ಲ, ನೇರಳೆ, ನೀಲಿ ಮತ್ತು ಅತಿನೇರಳೆಯನ್ನು ಆರಿಸಿಕೊಳ್ಳುತ್ತವೆ. ಬಿಸಿಲಿನಲ್ಲೇ ಕ್ರಮೇಣ ಬಣ್ಣ ಕಳೆದುಕೊಳ್ಳುವುದೂ ಉಂಟು. ನಮ್ಮ ಕಾಡುಗಳಲ್ಲಿ ಹೆಚ್ಚಾಗಿ ಸುಡುವುದು ನೆಲದ ಮೇಲಿನ ತರಗೆಲೆ ಮತ್ತು ಒಣಹುಲ್ಲು. ಜ್ವಾಲೆ ದಾಟಿ ಹೋದ ಮೇಲೂ ಬಿದ್ದ ಮರದ ದಿಮ್ಮಿಗಳು ದಿನಗಟ್ಟಲೆ ಹೊಗೆಯಾಡುತ್ತಿರುತ್ತವೆ. ಹಾಗಾಗಿ ಕಪ್ಪು, ಕಂದು ಎರಡೂ ಬೆರೆತಿರುತ್ತವೆ.

ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ಅಡುಗೆಮನೆಯ ಜಂತಿಯಿಂದ ಇಳಿಬಿದ್ದ ಇಲ್ಲಣವನ್ನು ಮುಟ್ಟಿದ್ದರೆ ಅದರ ಜಿಗುಟು ಗೊತ್ತಿರುತ್ತದೆ. ಆಕಾಶದಲ್ಲೂ ಮಸಿಯ ಸುತ್ತ ಇಂಥದೇ ಲೇಪ ಕೂರುತ್ತದೆ. ಅಕ್ಷರದ ಮೇಲೆ ಬಿದ್ದ ನೀರಿನ ಹನಿ ಮಸೂರವಾಗುವಂತೆ, ಈ ಲೇಪ ಅಕ್ಕಪಕ್ಕದ ಬೆಳಕನ್ನೂ ಬಗ್ಗಿಸಿ ಒಳಗಿನ ಮಸಿಗೆ ಒಪ್ಪಿಸುತ್ತದೆ. ಬರಿಯ ಮಸಿಗಿಂತ ಲೇಪವಿರುವ ಮಸಿ ಹೆಚ್ಚು ಹೀರುತ್ತದೆ.

ಹೀರಿದ ಬಿಸಿಲು ಶಾಖವಾಗಿ ಆಗಿಂದಾಗಲೇ ಸುತ್ತಲಿನ ಗಾಳಿಗೆ ದಾಟುತ್ತದೆ. ಬಿಸಿಯಾದ ಗಾಳಿ ಹೊಗೆಯನ್ನೂ ಹೊತ್ತುಕೊಂಡು ಏಳುತ್ತದೆ. 2017ರಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಹೀಗೆಯೇ ಎರಡು ತಿಂಗಳಲ್ಲಿ 12 ಕಿಲೋಮೀಟರಿನಿಂದ 23 ಕಿಲೋಮೀಟರ್ ಎತ್ತರಕ್ಕೆ ಏರಿತು. 2019-20ರ ಆಸ್ಟ್ರೇಲಿಯದ ಹೊಗೆ 35 ಕಿಲೋಮೀಟರ್ ಮುಟ್ಟಿತು.

ನಮ್ಮ ನೆಲಬೆಂಕಿಗೆ ಅಷ್ಟು ಕಸುವಿಲ್ಲ. ಇಲ್ಲಿ ಆಗುವುದು ಬೇರೆ. ರಾತ್ರಿ ಕಣಿವೆಯಲ್ಲಿ ತಂಪು ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಮುಚ್ಚಳದಂತೆ ಕೂರುತ್ತದೆ. ಬೆಳಿಗ್ಗೆ ನೆಲ ಕಾದರೆ ಮಾತ್ರ ಆ ಮುಚ್ಚಳ ಒಡೆಯಬೇಕು. ಆದರೆ ಹೊಗೆ ಬಿಸಿಲನ್ನು ಚದುರಿಸಿ, ಹೀರಿ, ನೆಲಕ್ಕೆ ತಲುಪುವುದನ್ನು ಕಡಿಮೆ ಮಾಡಿರುತ್ತದೆ. ಮೇಲಿನ ಪದರವನ್ನು ಇನ್ನಷ್ಟು ಬೆಚ್ಚಗಾಗಿಸಿರುತ್ತದೆ. ಆದ್ದರಿಂದ ದಟ್ಟ ಹೊಗೆಯ ದಿನ ಹತ್ತು ಗಂಟೆಯಾದರೂ ಎದುರಿನ ಗುಡ್ಡ ಕಾಣದಿದ್ದರೆ, ಹೊಗೆ ತಾನೇ ತನ್ನ ಮುಚ್ಚಳವನ್ನು ಒತ್ತಿ ಹಿಡಿದಿದೆ ಎಂದು ತಿಳಿಯಿರಿ.