ಇಂಜಿನ್ ಚಂದ ನೋಡೋದು ಎಲ್ಲಿಂದ? ದಾವಣಗೆರೆ ಓದುಗರಿಗೆ ಸಂಪಾದಕರ ಉತ್ತರ

ದಾವಣಗೆರೆಯಿಂದ ಮೂರು ಪುಟ ಬರೆದಿರೋ ಓದುಗ ಮಿತ್ರರೇ, ನಿಮ್ಮ ಸಿಟ್ಟು ಅರ್ಥ ಆಯ್ತು. ಹೋದ ಸಂಚಿಕೇಲಿ ಅಮೃತ್ ಭಾರತ್ ರೈಲಿನ ಫೋಟೋ ಹಾಕಿ "ಇಂಜಿನ್ ನೋಡೋಕೆ ಚೆನ್ನಾಗಿದೆ" ಅಂತ ಒಂದೇ ಒಂದು ಸಾಲು ಬರೆದಿದ್ವಿ. ಅದಕ್ಕೆ ನೀವು, ಅದು ಇಂಜಿನ್ನಿಗೆ ಹಾಕಿರೋ ಮುಖವಾಡ, ಹುಬ್ಬಳ್ಳಿ ಶೆಡ್ಡಿನ ಡೀಸೆಲ್ ಇಂಜಿನ್ ಡಬ್ಲ್ಯೂಡಿಪಿ-4 ಅಂತೂ ಕುರೂಪದ ಪರಮಾವಧಿ, ಚಂದ ಅಂದ್ರೆ ಅಮೆರಿಕದ ಆಲ್ಕೋ ಕಂಪನಿಯ ಹಳೇ ಡೀಸೆಲ್ ಡಬ್ಲ್ಯೂಡಿಎಂ-2, ಅದಕ್ಕೂ ಹಿಂದೆ ಸ್ಟೀಮ್ ಕಾಲದ ಡಬ್ಲ್ಯೂಪಿ, ಅಲ್ಲಿಗೆ ಮುಗೀತು ಅಂತ ತೀರ್ಪೇ ಕೊಟ್ಬಿಟ್ಟಿದ್ದೀರಿ. ಕೊನೇಲಿ "ಸಂಪಾದಕರು ಲೋಕೋನ ಹತ್ರದಿಂದ ನೋಡಿದ್ದಾರಾ" ಅಂತ ಬೇರೆ. ನೋಡಿದೀನಿ ಸ್ವಾಮಿ, ಅದಕ್ಕೇ ಇಷ್ಟುದ್ದ ಉತ್ತರ.

ಮೊದ್ಲು ನಿಮ್ಮ ಡಬ್ಲ್ಯೂಪಿನೇ ತಗೊಳ್ಳೋಣ. 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿಯಿಂದ ಬಂದ ಪೆಸಿಫಿಕ್, ಅಂದ್ರೆ ಮುಂದೆ ನಾಲ್ಕು, ನಡುವೆ ಆರು ದೊಡ್ಡವು, ಹಿಂದೆ ಎರಡು ಚಕ್ರ ಇರೋ ಇಂಜಿನ್, ಆಮೇಲೆ ಚಿತ್ತರಂಜನ್‌ನಲ್ಲೂ ತಯಾರಾಯ್ತು, ಒಟ್ಟು 755 ಇಂಜಿನ್. ಮುಂದುಗಡೆ ಉಬ್ಬಿದ ಬುಲೆಟ್ ಮೂತಿ, ಅದರ ಮೇಲೆ ನಕ್ಷತ್ರ. ಆ ಉಬ್ಬು ಯಾತಕ್ಕೆ ಅಂತ ಯಾವತ್ತಾದ್ರೂ ಕೇಳ್ಕೊಂಡಿದ್ದೀರಾ? ಆ ಇಂಜಿನ್ ಓಡ್ತಿದ್ದ ಸ್ಪೀಡಿಗೆ ಗಾಳಿ ಸೀಳಿ ಉಳಿಸೋ ಲಾಭ ಹೇಳ್ಕೊಳ್ಳೋ ಅಷ್ಟೇನೂ ಇಲ್ಲ, ಅದು ಇದ್ದಿದ್ದೇ ಗತ್ತಿಗೆ, ಪ್ಲಾಟ್‌ಫಾರ್ಮಲ್ಲಿ ನಿಂತ ಜನ ಬಾಯಿ ಬಿಟ್ಕೊಂಡು ನೋಡ್ಲಿ ಅಂತ. ಹಾಗಿದ್ಮೇಲೆ ಹಳೇ ಮುಖವಾಡಕ್ಕೆ ಆರತಿ, ಹೊಸ ಮುಖವಾಡಕ್ಕೆ ಬೈಗುಳ, ಇದ್ಯಾವ ನ್ಯಾಯ?

ಅಮೃತ್ ಭಾರತ್‌ದೂ ಅಷ್ಟೇ, ಮೂತಿ ಒಂದನ್ನೇ ನೋಡಿದ್ರೆ ವಿಷಯ ಕೈಗೆ ಸಿಗಲ್ಲ. 2023ರ ಡಿಸೆಂಬರ್ 30ಕ್ಕೆ ಶುರುವಾದ ಮೊದಲ ಎರಡು ರೈಲಲ್ಲಿ ಒಂದು ಮಾಲ್ಡಾ ಟೌನ್‌ನಿಂದ ನಮ್ಮ ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬರುತ್ತೆ. 22 ಕೋಚು, ಎರಡೂ ತುದೀಲಿ ಒಂದೊಂದು ಡಬ್ಲ್ಯೂಎಪಿ-5 ಎಲೆಕ್ಟ್ರಿಕ್ ಇಂಜಿನ್, ಮುಂದಿಂದು ಎಳೆಯುತ್ತೆ ಹಿಂದಿಂದು ನೂಕುತ್ತೆ. ಹಾಗಾಗಿ ಚೂಪು ಮೂತಿ ಹೊರಗಡೆಗೆ ಮಾತ್ರ ಇದ್ರೆ ಸಾಕು, ಕೋಚಿಗೆ ಆತ್ಕೊಳ್ಳೋ ಕಡೆ ಚಪ್ಪಟೆ. ಈಗ ಆ ಲೋಕೋ ಒಂಟಿಯಾಗಿ ಯಾರ್ಡಲ್ಲಿ ನಿಂತಿದ್ರೆ ಅರ್ಧಕ್ಕೇ ಕೊಯ್ದಿಟ್ಟ ಹಾಗೆ ಕಾಣುತ್ತೆ, ಅದನ್ನ ನಾನೂ ಒಪ್ತೀನಿ, ಚಂದ ಇಲ್ಲ. ಆದ್ರೆ ಪೂರ್ತಿ ರೈಲು ತಿರುವಲ್ಲಿ ಬರೋವಾಗ ಪಕ್ಕದಿಂದ ನೋಡಿ, ಎರಡೂ ತುದಿ ಇಳಿಜಾರು, ನಡುವೆ ಒಂದೇ ಎತ್ತರದ ಗೆರೆ. ನಾವು ಚೆನ್ನಾಗಿದೆ ಅಂದಿದ್ದು ಅದಕ್ಕೆ.

ನನ್ನ ಲೆಕ್ಕ ಇಷ್ಟೇ, ಲೋಕೋನ ಪಕ್ಕದಿಂದ ನೋಡ್ಬೇಕು. ನಮ್ಮ ರೈಲ್‌ಫ್ಯಾನ್ ಹುಡುಗರೆಲ್ಲ ಮುಂದಿನ ಮೂಲೆಯಿಂದ ಜೂಮ್ ಹಾಕಿ ಫೋಟೋ ತೆಗೆದು ತೆಗೆದು ಮುಖದ ಹೊರತು ಬೇರೇನೂ ಕಾಣದ ಹಾಗೆ ಆಗಿದೆ, ಹೆಡ್‌ಲೈಟ್ ಎಲ್ಲಿದೆ, ಗ್ಲಾಸು ಹೇಗಿದೆ, ಅಷ್ಟೇ ಚರ್ಚೆ.

ಡಬ್ಲ್ಯೂಡಿಎಂ-2 ವಿಷಯದಲ್ಲಿ ನಾನು ನಿಮ್ಮ ಕಡೆನೇ. 1962ರಲ್ಲಿ ಅಮೆರಿಕದಿಂದ ಬಂತು, 1964ರಿಂದ ವಾರಾಣಸೀಲೇ ತಯಾರಾಯ್ತು, 2600 ಹಾರ್ಸ್‌ಪವರ್. ಪಕ್ಕದಲ್ಲಿ ನಿಂತ್ಕೊಂಡ್ರೆ ಒಳಗಡೆ ಏನೇನಿದೆ ಅಂತ ಹೊರಗಿಂದಲೇ ಓದ್ಕೊಂಡು ಹೋಗ್ಬಹುದು. ಮೊದ್ಲು ಶಾರ್ಟ್ ಹುಡ್, ಅಂದ್ರೆ ಗಿಡ್ಡ ಮೂತಿ, ಆಮೇಲೆ ಲೋಕೋ ಪೈಲಟ್ ಕೂರೋ ಕ್ಯಾಬು, ಅದರ ಹಿಂದೆ ಜನರೇಟರ್, ಆಮೇಲೆ ಸಾಲು ಬಾಗಿಲುಗಳ ಹಿಂದೆ 16 ಸಿಲಿಂಡರಿನ ಇಂಜಿನ್, ಕೊನೇಲಿ ರೇಡಿಯೇಟರ್ ಜಾಲರಿ. ಬಾಗಿಲು ಇರೋದು ಫಿಟ್ಟರ್ ಕೈ ಹಾಕೋಕೆ, ಜಾಲರಿ ಇರೋದು ಗಾಳಿಗೆ, ಪಕ್ಕದ ಓಡಾಟದ ಪಟ್ಟಿ ಇರೋದು ನಡೆಯೋಕೆ. ನಾಚ್, ಅಂದ್ರೆ ಪವರ್ ಹಂತ, ಏರಿಸಿದ ತಕ್ಷಣ ಕಕ್ಕೋ ಕಪ್ಪು ಹೊಗೇನ ನೀವು ಚಂದದ ಲೆಕ್ಕಕ್ಕೆ ಸೇರಿಸಿದ್ದೀರಿ, ಲೈನ್ ಪಕ್ಕ ಬಟ್ಟೆ ಒಣಗಾಕೋರನ್ನ ಒಂದ್ಸಲ ಕೇಳಿ ನೋಡಿ.

ಇನ್ನು ನಿಮ್ಮ ಕುರೂಪ ಡಬ್ಲ್ಯೂಡಿಪಿ-4. 2001ರಲ್ಲಿ ಬಂದ, ಅಮೆರಿಕದ ಈಎಂಡಿ ಕಂಪನಿ ವಿನ್ಯಾಸದ ಇಂಜಿನ್, 4000 ಹಾರ್ಸ್‌ಪವರ್, ಹುಬ್ಬಳ್ಳಿ ಶೆಡ್ಡಿನ ಹೆಮ್ಮೆ. ಶಾರ್ಟ್ ಹುಡ್ ಮುಂದಾಗಿ ಬರೋವಾಗ ನೋಡಿ, ಭುಜ ಅಗಲ ಮಾಡ್ಕೊಂಡು ಬರೋ ಗತ್ತೇ ಬೇರೆ, ಅದನ್ನ ಕುರೂಪ ಅನ್ನೋಕೆ ನನ್ನ ಬಾಯಿ ಬರಲ್ಲ. ತೊಂದ್ರೆ ಇರೋದು ತಿರುಗಿ ನಿಂತಾಗ. ಕ್ಯಾಬ್ ಒಂದೇ, ಲಾಂಗ್ ಹುಡ್, ಅಂದ್ರೆ ಇಂಜಿನ್ ಇರೋ ಉದ್ದ ಭಾಗ, ಮುಂದಾಗಿ ಹೊರಟ್ರೆ ಲೋಕೋ ಪೈಲಟ್ ಕಣ್ಮುಂದೆ ಇಡೀ ಇಂಜಿನ್ ಅಡ್ಡ, ತಿರುವಿನ ಆ ಬದಿ ಕಾಣ್ಬೇಕಂದ್ರೆ ಅಸಿಸ್ಟೆಂಟ್ ಕಣ್ಣನ್ನೇ ನಂಬ್ಬೇಕು. ಆಲ್ಕೋದಲ್ಲೂ ಈ ಕಷ್ಟ ಇತ್ತು, ಆದ್ರೆ ಈಎಂಡಿ ಹುಡ್ ಅಗಲ ಬೇರೆ. ಆಮೇಲೆ ಬಂದ ಡಬ್ಲ್ಯೂಡಿಪಿ-4ಡಿಗೆ ಎರಡೂ ಕಡೆ ಕ್ಯಾಬ್ ಕೊಟ್ರು. ಅದನ್ನ ನೀವು "ಎರಡು ತಲೆ ಹಾವು" ಅಂತ ಬರೆದಿದ್ದೀರಿ. ಪಕ್ಕದಿಂದ ನೋಡಿದ್ರೆ ಆ ಹಳೇ ಓಟದ ಭಂಗಿ ಹೋಯ್ತು, ನಿಜ, ಆದ್ರೆ ಆ ಸೀಟಲ್ಲಿ ಕೂರೋರು ನಮ್ಮಿಬ್ಬರ ಪೈಕಿ ಯಾರೂ ಅಲ್ವಲ್ಲ.

ಇಂಥ ಜಗಳ ನಮ್ಮಲ್ಲಿ ಮಾತ್ರ ಅನ್ಕೋಬೇಡಿ. ಇಂಗ್ಲೆಂಡಿನಲ್ಲಿ 1942ರಲ್ಲಿ ಯುದ್ಧದ ಮಧ್ಯೆ ಬುಲ್ಲೀಡ್ ಅನ್ನೋ ಇಂಜಿನಿಯರ್ ಮಾಡಿದ ಕ್ಯೂ1 ಸ್ಟೀಮ್ ಇಂಜಿನ್‌ಗೆ ಚಕ್ರದ ಮೇಲಿನ ಪಟ್ಟಿ ಇಲ್ಲ, ಅಲಂಕಾರ ಇಲ್ಲ, ತೂಕ ಉಳಿಸೋಕೆ ಬೇಡದ್ದೆಲ್ಲ ಕಿತ್ತಾಕಿದ್ದು. ಇವತ್ತಿಗೂ ಅಲ್ಲಿನೋರು ಅದನ್ನ ದೇಶದ ಅತೀ ಕುರೂಪ ಇಂಜಿನ್ ಅಂತಾನೇ ಕಿಚಾಯಿಸ್ತಾರೆ, ಆದ್ರೂ ಒಂದನ್ನ ಜೋಪಾನ ಮಾಡಿ ಯಾರ್ಕ್ ಮ್ಯೂಸಿಯಂಗೆ ಸೇರಿಸಿದ್ದಾರೆ. ಅಮೆರಿಕದ ಎಲೆಕ್ಟ್ರಿಕ್ ಇಂಜಿನ್ ಜಿಜಿ1ದು ಉಲ್ಟಾ ಕತೆ, 1930ರ ದಶಕದಲ್ಲಿ ರೇಮಂಡ್ ಲೋವಿ ಅನ್ನೋ ಡಿಸೈನರ್ ಬಂದು ರಿವೆಟ್ ಬದಲು ವೆಲ್ಡಿಂಗ್ ಮಾಡಿ ಅಂದ, ಮೈಯೆಲ್ಲ ನುಣುಪಾಯ್ತು, ಉದ್ದಕ್ಕೆ ಐದು ಚಿನ್ನದ ಬಣ್ಣದ ಗೆರೆ ಎಳೆದ್ರು. ನನಗೆ ಎರಡೂ ಇಷ್ಟ.

ನಿಮ್ಮ ಮೂರನೇ ಪುಟ ಪೂರ್ತಿ ಲೈವರಿ, ಅಂದ್ರೆ ಇಂಜಿನ್ನಿಗೆ ಬಳಿಯೋ ಬಣ್ಣದ ಬಗ್ಗೆ ಇದೆ, ಅದಕ್ಕೆ ಉತ್ತರ ಬರೆಯೋಕೆ ಹೋದ್ರೆ ಈ ಸಂಚಿಕೆ ಸಾಲಲ್ಲ. ಡಬ್ಲ್ಯೂಡಿಎಂ-2ನ ಮುಖಪುಟಕ್ಕೆ ಹಾಕಿ ಅಂದಿದ್ದೀರಲ್ಲ, ಹಾಕೋಣ. ನೀವೇ ಒಂದು ಹಳೇ ಫೋಟೋ ಕಳಿಸಿ, ಪಕ್ಕದಿಂದ ತೆಗೆದಿದ್ದಾಗಿರ್ಲಿ, ಇಂಜಿನ್ನಿನ ಎರಡೂ ಬೋಗಿ, ಅಂದ್ರೆ ಅಡಿಯ ಚಕ್ರಗಳ ಚೌಕಟ್ಟು, ಕಾಣ್ಬೇಕು. ಹಳಿ ಮೇಲೆ ನಿಂತು ತೆಗೆದಿದ್ದು ಎಷ್ಟೇ ಚಂದ ಇದ್ರೂ ಹಾಕಲ್ಲ.