ಬಿಸಿಲಿಗೆ ವಿಷ ಒಡೆಯುವ ಪುಡಿ: ಟಾಕಿಗೆ ಹಾಕಬಹುದೇ?

ಪ್ರಶ್ನೆ: ನಮ್ದು ಮುಧೋಳ ತಾಲೂಕ್ ರೀ. ಕಬ್ಬು ಹಚ್ಚಿದ ಮೂರ್ನಾಕ ದಿನಕ್ಕ ಕಸದ ಎಣ್ಣಿ (ಕಳೆನಾಶಕ) ಅಂತ ಅಟ್ರಾಜಿನ್ ಹೊಡೀತೀವಿ. ಕುಡಿಯಾಕೂ ಅದ ಹೊಲದ ಬಾವಿ ನೀರ. ಬಿಸಿಲಿಗೆ ಇಟ್ರ ಇಂಥ ವಿಷ ಒಡದ ಹಾಕೂ ಪುಡಿ ಬಂದೈತಿ ಅಂತ ಮೊಬೈಲ್‌ನ್ಯಾಗ ನೋಡಿದೆ. ಟಾಕಿಗೆ ಹಾಕಿದ್ರ ನಡೀತೈತೇನ್ರಿ?

ಉತ್ತರ: ದಯವಿಟ್ಟು ಹಾಕಬೇಡಿ. ಪುಡಿಯ ಸುದ್ದಿ ಸುಳ್ಳಲ್ಲ, ಆದರೆ ಅದು ಕುಡಿಯುವ ನೀರಿನ ಟಾಕಿಗೆ ಹಾಕುವ ಹದಕ್ಕೆ ಇನ್ನೂ ಬಂದಿಲ್ಲ.

ಅದರ ಹೆಸರು ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಚಿಕ್ಕದಾಗಿ ಮಾಫ್. ಜೋಳದ ದಂಟಿನ ಬೆಂಡಿಗೆ ಸಿಬರು ಚುಚ್ಚಿ ಮಕ್ಕಳು ಚಕ್ಕಡಿ ಕಟ್ಟುತ್ತಾರಲ್ಲ, ಹಾಗೆ: ಬೆಂಡಿನ ಜಾಗದಲ್ಲಿ ಕಬ್ಬಿಣ, ಜಿರ್ಕೋನಿಯಂನಂಥ ಲೋಹ, ಸಿಬರಿನ ಜಾಗದಲ್ಲಿ ಇಂಗಾಲದ ಅಣು. ನಡುವೆಲ್ಲ ಖಾಲಿ ಕೋಣೆಗಳು. ಕೆಲವು ಮಾಫ್‌ಗಳ ಒಂದೆರಡು ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. 2025ರಲ್ಲಿ ಕಿಟಗಾವ, ರಾಬ್ಸನ್, ಯಾಘಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕಟ್ಟೋಣಕ್ಕೇ. ವಿಷದ ಅಣು ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳಕು ಬಿದ್ದಾಗ ಅಲ್ಲೇ, ಸಿಕ್ಕಿದ್ದನ್ನು ಕಡಿಯುವ ಚುರುಕು ಕಣವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿ ಅದನ್ನು ಕಡಿಯುತ್ತದೆ. ಹಳೆಯ ಟೈಟಾನಿಯಂ ಡೈಆಕ್ಸೈಡ್ ಪುಡಿಯೂ ಹೀಗೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೇಕಾದ ನೇರಳಾತೀತ ಕಿರಣ ಬಿಸಿಲಿನಲ್ಲಿ ನೂರಕ್ಕೆ ಐದರಷ್ಟು. ಕಬ್ಬಿಣದ ಮಾಫ್ ಕಣ್ಣಿಗೆ ಕಾಣುವ ಬೆಳಕನ್ನೂ ಬಳಸಿಕೊಳ್ಳಬಲ್ಲದು. ನಮ್ಮ ಕಡೆಯ ಬಿಸಿಲು ನೆನೆದರೆ ಆಸೆ ಹುಟ್ಟುವುದು ಸಹಜ.

ತೊಡಕಿರುವುದು ನೀರಿನಲ್ಲೇ. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಶುದ್ಧ ನೀರಿಗೆ ವಿಷ ಬೆರೆಸಿ ನೋಡುತ್ತಾರೆ. ಗಡಸು ನೀರು ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಆ ಪೊರೆಗೆ ಮೂಲವಾದ ಬೈಕಾರ್ಬೊನೇಟ್ ವಿಷಕ್ಕಿಂತ ಮೊದಲೇ ರ‍್ಯಾಡಿಕಲ್‌ಗಳನ್ನು ನುಂಗಿಬಿಡುತ್ತದೆ. ಅಟ್ರಾಜಿನ್ ಕೂಡ ಒಮ್ಮೆಗೇ ಇಲ್ಲವಾಗುವುದಿಲ್ಲ. ಅದರ ರೆಂಬೆಗಳು ಒಂದೊಂದಾಗಿ ಉದುರುತ್ತವೆ. ನಡುವಿನ ಗಟ್ಟಿ ಉಂಗುರ ಸಯನೂರಿಕ್ ಆಮ್ಲವಾಗಿ ಉಳಿಯುತ್ತದೆ. ಅದು ಅಟ್ರಾಜಿನ್‌ನಷ್ಟು ವಿಷವಲ್ಲ. ಅರ್ಧ ಒಡೆದ ತುಂಡುಗಳಿಗೆ ಆ ಮಾತು ಹೇಳಲಾಗದು. ಹಾಗಾಗಿ ‘ಅಟ್ರಾಜಿನ್ ಮಾಯ’ ಎಂಬ ವರದಿ ಕೈಗೆ ಬಂದರೆ, ಏನು ಉಳಿಯಿತು ಎಂದು ಮೊದಲು ಹುಡುಕುತ್ತೇನೆ. ನುಣ್ಣನೆ ಪುಡಿಯನ್ನು ನೀರಿನಿಂದ ಮರಳಿ ಸೋಸುವುದೂ ಸುಲಭವಲ್ಲ.

ಸದ್ಯ ನೀರನ್ನು ಅಟ್ರಾಜಿನ್ ಎಂದು ಹೆಸರು ಹೇಳಿಯೇ ಪರೀಕ್ಷೆಗೆ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹಾಕಿದ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಕುದಿಸಿದರೆ ಅದು ಹೋಗದು. ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಹಿಡಿಯುತ್ತದೆ, ಹೊತ್ತಿಗೆ ಸರಿಯಾಗಿ ಬದಲಿಸಬೇಕಷ್ಟೆ. ಎರೆಮಣ್ಣಿನಂಥ ಕ್ಷಾರದ ನೆಲದಲ್ಲಿ ಅಟ್ರಾಜಿನ್ ಒಡೆಯುವುದು ನಿಧಾನ. ಅದಕ್ಕೇ ಹೇಳುತ್ತೇನೆ, ಎಣ್ಣಿ ಪಂಪನ್ನು ಬಾವಿ ಕಟ್ಟೆಯ ಹತ್ತಿರ ತೊಳೆಯಬೇಡಿ. ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೇ ಹೊಡೆಯಿರಿ.